‘ನಾಳೆ ಮಾಡಿದ್ರಾತು’ ಎನ್ನುವವರಿಗೆ ಸತ್ಯವೇದದ ಕೆಲಸದ ಪಾಠ

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಗದಗ-ಬೆಟಗೇರಿ ಅಂದರೆ ಮುದ್ರಣ, ಮಗ್ಗ ಎರಡಕ್ಕೂ ಹೆಸರಾದ ಜೋಡಿ ಊರು. ನಮ್ಮಜ್ಜ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತವರು. ನಾನು ಮಷೀನಿನ ಮುಂದೆ ನಿಂತವನು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಕ್ಯಾಲೆಂಡರ್, ಇಷ್ಟೇ ನನ್ನ ಸಂಸಾರ.

ಕೆಲವು ವರ್ಷಗಳ ಹಿಂದೆ ಒಂದು ಲಗ್ನಪತ್ರಿಕೆಯಲ್ಲಿ ತಾರೀಖು ಸರಿಯಿತ್ತು, ವಾರ ತಪ್ಪಿತ್ತು. ಹಿಂದಿನ ಗಿರಾಕಿಯ ಫೈಲಿನ ಮೇಲೆಯೇ ಹೊಸ ಹೆಸರು ಕೂರಿಸಿದ್ದೆ. ತಾರೀಖು ಬದಲಾಯಿತು, ‘ಸೋಮವಾರ’ ಹಾಗೇ ಉಳಿಯಿತು. ಪ್ರೂಫ್ ನಾಲ್ಕು ದಿನ ನನ್ನ ಮೇಜಿನ ಮೇಲೇ ಬಿದ್ದಿತ್ತು. ದಿನಾ ಅದರ ಮೇಲೆ ಚಹಾದ ಕಪ್ ಇಡುತ್ತಿದ್ದೆ, ‘ನಾಳೆ ನೋಡಿದ್ರಾತು’ ಅನ್ನುತ್ತಿದ್ದೆ. ಕೊನೆಗೆ ನಡುರಾತ್ರಿ ನಿದ್ದೆಗಣ್ಣಲ್ಲಿ ನೋಡಿ ಪ್ರಿಂಟಿಗೆ ಬಿಟ್ಟೆ. 600 ಪತ್ರಿಕೆ. ಮರುದಿನ ಹುಡುಗಿಯ ಅಪ್ಪ ಬಂದು ಕುರ್ಚಿಯ ಮೇಲೆ ಕೂತು, ಸಮಾಧಾನವಾಗಿಯೇ ಕೇಳಿದರು: “ತಮ್ಮಾ, ಬೀಗರು ರವಿವಾರ ಬರಬೇಕೋ ಸೋಮವಾರ ಬರಬೇಕೋ, ಅದನ್ನಷ್ಟು ಹೇಳಿಬಿಡು.” ಬೈದಿದ್ದರೆ ಎಷ್ಟೋ ಹಗುರ ಅನಿಸುತ್ತಿತ್ತು. ಎಲ್ಲವನ್ನೂ ನನ್ನ ಖರ್ಚಿನಲ್ಲಿ ಮತ್ತೆ ಹೊಡೆದುಕೊಟ್ಟೆ.

ಅದೇ ವಾರ ಮನೆಯಲ್ಲಿ ಸತ್ಯವೇದ, ಅಂದರೆ ಬೈಬಲ್, ತೆಗೆದು ಅದರಲ್ಲಿನ ಜ್ಞಾನೋಕ್ತಿಗಳು ಅನ್ನುವ ಪುಸ್ತಕ ಓದಲು ಕೂತೆ. ಚಿಕ್ಕವನಿದ್ದಾಗ ಸಂಡೇ ಸ್ಕೂಲಿನಲ್ಲಿ ‘ಸೋಮಾರಿಯೇ, ಇರುವೆಯ ಹತ್ತಿರ ಹೋಗು’ ಅನ್ನುವ ವಚನ ಬಾಯಿಪಾಠ ಮಾಡಿಸುತ್ತಿದ್ದರು. ಆಗ ಅದು ಬೈಗುಳದ ಹಾಗೆ ಕೇಳುತ್ತಿತ್ತು. ಈಗ ಓದಿದರೆ ಬೇರೆಯೇ ಕಂಡಿತು. ಇದು ಕೆಲಸ ಗೊತ್ತಿರುವವರು ಕೆಲಸಗಾರರಿಗೆ ಬರೆದಿಟ್ಟ ಮಾತು. ಹೊಲ, ಎತ್ತು, ತಕ್ಕಡಿ, ಕೂಲಿ, ಮಳೆ ಎಲ್ಲ ಇದೆ. ಅಲ್ಲಿಂದ ನಾನು ಹೆಕ್ಕಿಕೊಂಡು, ನಾನೇ ಮಾಡಿನೋಡಿದ ಕೆಲವು ಹೆಜ್ಜೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಚರ್ಚಿಗೆ ಹೋಗುವವರೇ ಆಗಬೇಕು ಅಂತೇನಿಲ್ಲ. ಇರುವೆಗೆ ಯಾವ ಧರ್ಮ?

ಶುರು ಮಾಡುವ ಮುನ್ನ ಎರಡು ಶಬ್ದಗಳ ಬಗ್ಗೆ ಹೇಳಬೇಕು. ಜ್ಞಾನೋಕ್ತಿಗಳ ಮೂಲ ಹೀಬ್ರೂ ಭಾಷೆಯಲ್ಲಿ ಸೋಮಾರಿಗೆ ‘ಅಟ್ಸೇಲ್’ ಅನ್ನುವ ಶಬ್ದವಿದೆ. ಅದು ಆ ಪುಸ್ತಕದಲ್ಲಿ 14 ಸಲ ಬರುತ್ತದೆ. ಅದಕ್ಕೆ ಎದುರಾಗಿ ನಿಲ್ಲುವುದು ‘ಹಾರೂಟ್ಸ್’. ಇದರ ಬೇರಿನಲ್ಲಿ ಇರುವುದು ಚೂಪು ಮಾಡು, ಕೊಯ್ಯು, ಖಡಾಖಂಡಿತವಾಗಿ ತೀರ್ಮಾನಿಸು ಅನ್ನುವ ಅರ್ಥ. ಯೆಶಾಯನ ಪುಸ್ತಕದಲ್ಲಿ ಕಾಳು ಒಕ್ಕುವ ಹಲ್ಲಿನ ಹಲಗೆಗೂ ಇದೇ ಶಬ್ದ ಹಚ್ಚಿದ್ದಾರೆ. ಅಂದರೆ ಕಷ್ಟಪಡುವವನು ಅಂದರೆ ಬೆವರು ಸುರಿಸುವವನು ಮಾತ್ರ ಅಲ್ಲ, ಮೊನಚಾಗಿರುವವನು. ನಮ್ಮ ಕನ್ನಡದ ‘ಚುರುಕು’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಬಿಸಿಲೂ ಚುರುಕು, ಬುದ್ಧಿಯೂ ಚುರುಕು, ಕೈಯೂ ಚುರುಕು. ಈ ಮೊನಚಿನ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮೊದಲು ಬಿದ್ದ ಗೋಡೆ ನೋಡಿ

ಜ್ಞಾನೋಕ್ತಿ 24ನೇ ಅಧ್ಯಾಯದ ಕೊನೆಯಲ್ಲಿ ಒಬ್ಬಾತ ಸೋಮಾರಿಯ ಹೊಲದ ಬದಿಯಿಂದ ಹಾದುಹೋಗುತ್ತಾನೆ. ಹೊಲದ ತುಂಬ ಮುಳ್ಳು, ಕಸ. ಕಲ್ಲಿನ ಪೌಳಿ ಬಿದ್ದಿದೆ. ಆತ ಬೈಯುವುದಿಲ್ಲ. ನಿಂತು ನೋಡುತ್ತಾನೆ, ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ, ಪಾಠ ಕಲಿಯುತ್ತಾನೆ. ಆ ಹೊಲದವನು ಏನು ದೊಡ್ಡ ತಪ್ಪು ಮಾಡಿದ? ಇನ್ನೊಂದು ಸ್ವಲ್ಪ ನಿದ್ದೆ, ಇನ್ನೊಂದು ಸ್ವಲ್ಪ ತೂಕಡಿಕೆ, ಅಷ್ಟೇ. ಪೌಳಿ ಒಂದೇ ದಿನಕ್ಕೆ ಬೀಳುವುದಿಲ್ಲ. ಒಂದು ಕಲ್ಲು ಸರಿಯುತ್ತದೆ, ಮತ್ತೊಂದು ಮಳೆಗೆ ಇನ್ನೊಂದು.

ನೀವು ಮಾಡಬೇಕಾದದ್ದು ಇಷ್ಟು. ಒಂದು ಸಂಜೆ, ಅರ್ಧ ತಾಸು, ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡು ನಿಮ್ಮದೇ ‘ಹೊಲ’ ಸುತ್ತಿ ಬನ್ನಿ. ಅಂಗಡಿಯೋ, ಓದುವ ಮೇಜೋ, ಅಡುಗೆಮನೆಯೋ, ನಿಜವಾದ ಹೊಲವೋ. ಏನೂ ಸರಿಪಡಿಸಬೇಡಿ. ಸುಮ್ನೆ ಕಂಡದ್ದನ್ನು ಬರೆಯಿರಿ. ಸರಿಪಡಿಸಲು ಹೋದರೆ ಮೊದಲ ಮೂಲೆಯಲ್ಲೇ ಸಿಕ್ಕಿಕೊಳ್ಳುತ್ತೀರಿ, ಉಳಿದ ಮೂರು ಮೂಲೆ ನೋಡುವುದೇ ಇಲ್ಲ.

ನನ್ನ ಹಾಳೆಯಲ್ಲಿ ಬಂದದ್ದು: ಡ್ರಾಯರಿನಲ್ಲಿ ಕೆಲಸ ಮುಗಿದರೂ ಬರೆಯದೇ ಬಿಟ್ಟ 11 ಬಿಲ್. ಮುಚ್ಚಳ ಸರಿಯಾಗಿ ಹಾಕದ ಕರಿ ಇಂಕಿನ ಡಬ್ಬಿ, ಮೇಲೆ ಹಾಲಿನ ಕೆನೆಯ ಹಾಗೆ ಒಣಗಿದ ಪದರ. ಅದನ್ನು ಚಾಕುವಿನಿಂದ ಎತ್ತಿದರೆ ಕೆಳಗೆ ಇಂಕು ಚೆನ್ನಾಗಿಯೇ ಇತ್ತು, ಆದರೆ ಒಣ ಪದರದ ಚೂರು ರೋಲರಿಗೆ ಹೋದರೆ ಹಾಳೆ ಹಾಳೆಗೂ ಚುಕ್ಕೆ. ಕಟಿಂಗ್ ಮಷೀನಿನ ಬ್ಲೇಡು ಮೊಂಡು. ಮತ್ತೆ ಒಬ್ಬ ಗಿರಾಕಿಗೆ ‘ಫೋನ್ ಮಾಡ್ತೀನಿ’ ಅಂದು ಎರಡು ತಿಂಗಳಾಗಿತ್ತು. ಎಲ್ಲವೂ ಐದು ನಿಮಿಷ, ಹತ್ತು ನಿಮಿಷದ ಕೆಲಸಗಳೇ. ಓದುತ್ತಾ ಹೋದ ಹಾಗೆ ಕಿವಿ ಬಿಸಿಯಾಯಿತು.

ಒಂದು ಎಚ್ಚರಿಕೆ. ಸ್ವಚ್ಛ ಅಂಗಡಿಯೇ ಚುರುಕಿನ ಅಂಗಡಿ ಅಂದುಕೊಳ್ಳಬೇಡಿ. ಎತ್ತಿಲ್ಲದ ಮನೆಯಲ್ಲಿ ಗ್ವಾದಲಿ (ಮೇವು ಹಾಕುವ ಜಾಗ) ಸ್ವಚ್ಛವಾಗಿಯೇ ಇರುತ್ತದೆ, ಆದರೆ ಬೆಳೆ ಬರುವುದು ಎತ್ತಿನ ಬಲದಿಂದ ಅಂತ 14ನೇ ಅಧ್ಯಾಯ ನಗಿಸುತ್ತಲೇ ಹೇಳುತ್ತದೆ. ಕೆಲಸ ನಡೆಯುವ ಕಡೆ ಸಗಣಿ ಇದ್ದೇ ಇರುತ್ತದೆ. ನೀವು ಬರೆಯಬೇಕಾದದ್ದು ಸಗಣಿ ಅಲ್ಲ, ಬಿದ್ದ ಕಲ್ಲು.

ಇರುವೆ ಗೂಡಿನ ಮುಂದೆ ಹದಿನೈದು ನಿಮಿಷ

ಇದನ್ನು ಉಪಮೆ ಅಂತ ತಿಳಿಯದೆ, ಹೇಳಿದ ಹಾಗೇ ಮಾಡಿ. ಹೋಗು, ಅದರ ನಡೆ ನೋಡು ಅಂತ ತಾನೇ 6ನೇ ಅಧ್ಯಾಯ ಹೇಳುವುದು? ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ, ಕಣದ ಹತ್ತಿರ, ಕಾಳು ಕೂಡಿಡುವ ಇರುವೆಗಳ ಗೂಡು ಸಿಗುತ್ತದೆ. ಗೂಡಿನ ಬಾಯಿಯ ಸುತ್ತ ಹೊಟ್ಟಿನ ಒಂದು ಬಳೆ ಇರುತ್ತದೆ. ಕಾಳನ್ನು ಒಳಗೊಯ್ದು, ಸಿಪ್ಪೆ ಬಿಡಿಸಿ, ಹೊಟ್ಟನ್ನು ಹೊರಗೆ ತಂದು ಹಾಕಿದ್ದು. ಮಳೆಗೆ ಕಾಳು ತೊಯ್ದರೆ ಬಿಸಿಲು ಬಿದ್ದ ಮೇಲೆ ಹೊರತಂದು ಒಣಗಿಸುತ್ತವೆ. ನಮ್ಮವರು ಅಂಗಳದಲ್ಲಿ ಜೋಳ ಹರವುವ ಹಾಗೇ.

ಆ ವಚನದಲ್ಲಿ ಇರುವೆ ಕಷ್ಟಪಡುತ್ತದೆ ಅನ್ನುವುದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅದಕ್ಕೆ ನಾಯಕನಿಲ್ಲ, ಮೇಸ್ತ್ರಿಯಿಲ್ಲ, ಒಡೆಯನಿಲ್ಲ. ಆದರೂ ಸುಗ್ಗಿಯಲ್ಲಿ ಕೂಡಿಡುತ್ತದೆ. ನಮ್ಮ ಕಷ್ಟ ಇರುವುದೇ ಇಲ್ಲಿ. ಯಾರಾದರೂ ಕೇಳುವ ಕೆಲಸವನ್ನು ನಾವು ಹೇಗೋ ಮಾಡಿಬಿಡುತ್ತೇವೆ. ಗಿರಾಕಿ ಬಾಗಿಲಲ್ಲಿ ನಿಂತರೆ ಕೈ ತಾನಾಗಿ ಓಡುತ್ತದೆ. ಯಾರೂ ಕೇಳದ ಕೆಲಸ ಮಾತ್ರ ಬಿದ್ದಲ್ಲೇ ಬೀಳುತ್ತದೆ. ಬಿಲ್ ಬರೆಯುವುದು, ಲೆಕ್ಕ ಹಚ್ಚುವುದು, ಓದಿದ್ದನ್ನು ಮತ್ತೆ ಓದುವುದು, ಬಿಪಿ ತೋರಿಸಿಕೊಂಡು ಬರುವುದು.

ಹಾಗಾಗಿ ಎರಡನೇ ಹೆಜ್ಜೆ: ಬರೆದ ಹಾಳೆಯಿಂದ ‘ಯಾರೂ ಕೇಳದ’ ಒಂದೇ ಒಂದು ಕೆಲಸ ಆರಿಸಿ. ಅದಕ್ಕೆ ದಿನದ ಮೊದಲ 40 ನಿಮಿಷ ಕೊಡಿ. ಫೋನ್ ಮುಟ್ಟುವ ಮುಂಚೆ. ನಾನು ಶೆಟರ್ ಅರ್ಧ ಮಾತ್ರ ಎತ್ತಿ ಒಳಗೆ ಕೂತು ಬಿಲ್ ಬರೆದೆ. ಪೂರ್ತಿ ಎತ್ತಿದರೆ ಯಾರಾದರೂ ‘ಏನ್ರೀ, ಚಹಾ ಆತೇನು?’ ಅನ್ನುತ್ತಾ ಬಂದೇ ಬರುತ್ತಾರೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಪರೀಕ್ಷೆಗೆ ಓದುವ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಕ್ಲಾಸಿನಲ್ಲಿ ಕೂತ ತಾಸುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ಮೇಸ್ತ್ರಿ ಇದ್ದಾನೆ. ಯಾರೂ ಹಾಜರಿ ಹಾಕದ ಬೆಳಗಿನ ಹೊತ್ತಿನಲ್ಲಿ ಏನು ಮಾಡಿದಿರಿ, ಅದನ್ನು ಎಣಿಸಿ.

ನಿಮ್ಮ ಸಿಂಹದ ಹೆಸರೇನು?

ಸೋಮಾರಿ ಹೇಳುತ್ತಾನಂತೆ, ‘ಹೊರಗೆ ಸಿಂಹ ಇದೆ, ಬೀದಿಗೆ ಹೋದರೆ ಸತ್ತೇ ಹೋಗುತ್ತೇನೆ.’ ಜ್ಞಾನೋಕ್ತಿ 22ನೇ ಅಧ್ಯಾಯದಲ್ಲೂ ಇದೆ, 26ರಲ್ಲೂ ಇದೆ. ಆ ಕಾಲದಲ್ಲಿ ಆ ದೇಶದಲ್ಲಿ ಸಿಂಹಗಳು ನಿಜಕ್ಕೂ ಇದ್ದವು. ಸಂಸೋನ, ದಾವೀದ ಅವನ್ನು ಎದುರಿಸಿದ ಕಥೆಗಳು ಸತ್ಯವೇದದಲ್ಲೇ ಇವೆ. ಅದಕ್ಕೇ ಈ ನೆಪ ಚೆಂದ. ಪೂರ್ತಿ ಸುಳ್ಳಾದ ನೆಪವನ್ನು ನಾವೇ ನಂಬುವುದಿಲ್ಲ. ಅರ್ಧ ನಿಜವಿರುವ ನೆಪವೇ ಬೇಕು.

ನಮ್ಮ ಸಿಂಹಗಳು: ಸರ್ವರ್ ಡೌನ್ ಇದೆ. ಇವತ್ತು ಅಮವಾಸ್ಯೆ. ಕರೆಂಟ್ ಯಾವಾಗ ಹೋಗುತ್ತೋ ಏನೋ. ಜಾತ್ರೆ ಮುಗಿಯಲಿ. ಮಳೆ ಬರೋ ಹಾಗಿದೆ. ಮಳೆ ಹೋಗೋ ಹಾಗಿದೆ.

ಒಂದು ವಾರ ಪ್ರತಿ ನೆಪವನ್ನೂ ಬರೆದಿಡಿ, ಪಕ್ಕದಲ್ಲಿ ‘ಸಿಂಹ ಕಣ್ಣಿಗೆ ಕಂಡಿತಾ?’ ಅಂತ ಕೇಳಿಕೊಳ್ಳಿ. ನನ್ನ ವಾರದಲ್ಲಿ 9 ಸಿಂಹ ಬಂದವು, ಕಂಡದ್ದು ಒಂದು. ಅವತ್ತು ನಿಜಕ್ಕೂ ಕರೆಂಟ್ ಇರಲಿಲ್ಲ. ಇಷ್ಟು ಸಾಕು, ಈ ಹೆಜ್ಜೆಗೆ ಜಾಸ್ತಿ ವಿವರಣೆ ಬೇಡ.

ಕೆಲಸಕ್ಕೂ ಹಂಗಾಮು ಇದೆ

ಇದೇ ನನ್ನ ಮಟ್ಟಿಗೆ ಮುಖ್ಯ ಹೆಜ್ಜೆ. ಕಷ್ಟಪಡು ಅಂದ ಕೂಡಲೇ ನಾವು ತಾಸುಗಳನ್ನು ಎಣಿಸುತ್ತೇವೆ. ಸತ್ಯವೇದದ ಈ ಮಾತುಗಳು ತಾಸಿಗಿಂತ ಹೊತ್ತನ್ನು ಎಣಿಸುತ್ತವೆ.

ಜ್ಞಾನೋಕ್ತಿ 20:4ರಲ್ಲಿ (20ನೇ ಅಧ್ಯಾಯ, 4ನೇ ವಚನ) ಸೋಮಾರಿ ಉಳುವ ಕಾಲದಲ್ಲಿ ಉಳುವುದಿಲ್ಲ, ಸುಗ್ಗಿಯಲ್ಲಿ ಹುಡುಕುತ್ತಾನೆ, ಏನೂ ಸಿಗುವುದಿಲ್ಲ. ಇದನ್ನು ಓದುವಾಗ ನಮ್ಮ ಭಾಗದವರಿಗೆ ಒಂದು ಲಾಭವಿದೆ. ಕನ್ನಡ ಸತ್ಯವೇದದಲ್ಲಿ ‘ಮುಂಗಾರು, ಹಿಂಗಾರು’ ಅಂತ ಬಂದಾಗ ಜೂನ್ ತಿಂಗಳ ಮೋಡ ನೆನೆಸಿಕೊಳ್ಳಬೇಡಿ. ಇಸ್ರಾಯೇಲ್ ದೇಶದಲ್ಲಿ ಬೇಸಿಗೆಯಿಡೀ ಒಣ. ಮೊದಲ ಮಳೆ ಬೀಳುವುದು ಅಕ್ಟೋಬರ್-ನವೆಂಬರ್ ಹೊತ್ತಿಗೆ. ಬೇಸಿಗೆಗೆ ಕಲ್ಲಾದ ನೆಲ ಆ ಮಳೆಗೆ ಮೆತ್ತಗಾಗುತ್ತದೆ, ಆಗಲೇ ಉಳಬೇಕು, ಬಾರ್ಲಿ, ಗೋಧಿ ಬಿತ್ತಬೇಕು. ಕೊಯ್ಲು ಏಪ್ರಿಲ್-ಮೇ ಕಡೆಗೆ. ಅಂದರೆ ಅವರ ದೊಡ್ಡ ಬಿತ್ತನೆ ಬರುವುದು ನಮ್ಮ ಹಿಂಗಾರಿ ಬಿತ್ತನೆಯ ಆಸುಪಾಸಿನಲ್ಲೇ. ಉಳುವಾಗ ಛಳಿ, ಕೆಸರು. ‘ಬಿಸಿಲು ಬರಲಿ’ ಅಂತ ಕಂಬಳಿ ಹೊದ್ದು ಕೂತವನಿಗೆ ಹೊತ್ತು ಹೋಯಿತು.

ನವಲಗುಂದ, ನರಗುಂದ, ಗದಗದ ಎರಿ ಹೊಲದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿಯ ಹೆಸರುಕಾಳಿನ ಬೆಳೆ ಕಿತ್ತ ಮೇಲೆ ಹೊಲ ಹರಗಿ, ಅಂದರೆ ಕುಂಟೆ ಹೊಡೆದು ಕಸ ತೆಗೆದು, ಇಟ್ಟುಕೊಂಡವನು ನೆಲದ ಹಸಿ ಹಿಡಿದಿಡುತ್ತಾನೆ. ಆ ಹಸಿಯ ಮೇಲೆಯೇ ಕಡಲೆ, ಬಿಳಿಜೋಳ ಬರಬೇಕು. ಹರಗದೇ ಬಿಟ್ಟವನ ಹೊಲದಲ್ಲಿ ಕಸವೇ ಹಸಿ ಕುಡಿದಿರುತ್ತದೆ, ನೆಲ ಬಿರುಕು ಬಿಟ್ಟಿರುತ್ತದೆ. ಆಮೇಲೆ ಅವನು ಹಗಲು ರಾತ್ರಿ ದುಡಿದರೂ ಅಷ್ಟೇ. ನಮ್ಮ ಕಾಕಾ ಹೊಲದಲ್ಲಿ ಕೂತು ಒಂದು ಹೆಂಟೆ ಎತ್ತಿ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಬಿಟ್ಟಾಗ ಉಂಡೆ ನಿಂತರೆ ಕೂರಿಗೆ ಹೂಡು, ಪುಡಿಯಾದರೆ ತಡ ಆತು. ‘ಹತ್ತು ದಿನದ ಕೆಲಸ ಎರಡು ದಿನದಾಗ ಮಾಡ್ಬಹುದೋ, ಹೋದ ಹಸಿ ಎಲ್ಲಿಂದ ತರ್ತಿ?’ ಅನ್ನುತ್ತಿದ್ದರು.

ಇದಕ್ಕೆ ಎದುರಿನ ತಪ್ಪೂ ಇದೆ. ಸತ್ಯವೇದದ ಇನ್ನೊಂದು ಪುಸ್ತಕ ಪ್ರಸಂಗಿ 11:4 ಹೇಳುವ ಹಾಗೆ, ಗಾಳಿ ನೋಡುತ್ತಾ ಕೂತವನು ಬಿತ್ತುವುದಿಲ್ಲ, ಮೋಡ ನೋಡುತ್ತಾ ಕೂತವನು ಕೊಯ್ಯುವುದಿಲ್ಲ. ಹೊತ್ತು ನೋಡುವುದು ಬೇರೆ, ಹೊತ್ತು ಕಳೆಯುವುದು ಬೇರೆ. ಎರಡು ವಚನ ಮುಂದೆ ಹೋದರೆ ಅದೇ ಪ್ರಸಂಗಿ, ಬೆಳಿಗ್ಗೆ ಬೀಜ ಬಿತ್ತು, ಸಂಜೆಯೂ ಕೈ ಬಿಡಬೇಡ, ಯಾವುದು ಹತ್ತುತ್ತದೋ ನಿನಗೆ ಗೊತ್ತಿಲ್ಲ ಅನ್ನುತ್ತಾನೆ. ಮೊಬೈಲಿನಲ್ಲಿ ದಿನಕ್ಕೆ ಮೂರು ಹವಾಮಾನ ನೋಡುವ ನಮಗೆ ಇದು ಚೆನ್ನಾಗಿ ಒಪ್ಪುತ್ತದೆ.

ಈಗ ನೀವು ಮಾಡಬೇಕಾದದ್ದು. ಗೋಡೆಯ ಕ್ಯಾಲೆಂಡರ್ ಇಳಿಸಿ. 12 ತಿಂಗಳಿಗೂ ನಿಮ್ಮ ಕೆಲಸದ ‘ಹದ’ ಯಾವಾಗ ಅಂತ ಪೆನ್ಸಿಲಿನಲ್ಲಿ ಬರೆಯಿರಿ. ನನ್ನದು ಹೀಗಿದೆ: ಕ್ಯಾಲೆಂಡರಿನ ಕೆಲಸ ಜನ ಕೇಳುವುದು ಡಿಸೆಂಬರಿನಲ್ಲಿ, ಆದರೆ ಹೊಲ ಹರಗಬೇಕಾದದ್ದು ಅಕ್ಟೋಬರಿನಲ್ಲಿ. ಪೇಪರ್ ತರಿಸುವುದು, ಹಬ್ಬಗಳ ತಾರೀಖು ತಾಳೆ ಹಾಕುವುದು, ಹಳೆ ಗಿರಾಕಿಗಳಿಗೆ ಫೋನ್. ಲಗ್ನದ ಹಂಗಾಮು ಬೇಸಿಗೆಗೆ ಜೋರು, ಆದರೆ ಮಷೀನ್ ರಿಪೇರಿಗೆ ಹದ ಜನವರಿ. ಶಾಲೆಯ ಕೆಲಸ ಜೂನ್. ಪ್ರತಿಯೊಂದಕ್ಕೂ ಎರಡು ಗುರುತು ಹಾಕಿ, ಒಂದು ಸುಗ್ಗಿಗೆ, ಒಂದು ಹರಗುವುದಕ್ಕೆ. ನಮ್ಮ ಕಣ್ಣೆಲ್ಲ ಸುಗ್ಗಿಯ ಗುರುತಿನ ಮೇಲಿರುತ್ತದೆ. ಇನ್ನೊಂದು ಗುರುತೇ ಕೆಲಸದ್ದು.

ಇದೇ ಪುಸ್ತಕದ 24:27ರಲ್ಲಿ ಮೊದಲು ಹೊರಗಿನ ಕೆಲಸ, ಹೊಲ ಸಿದ್ಧಮಾಡು, ಆಮೇಲೆ ಮನೆ ಕಟ್ಟು ಅಂತ ಒಂದು ಮಾತಿದೆ. ಅಂಗಡಿಗೆ ಗಿರಾಕಿ ಬರುವ ಮುಂಚೆ ಗಾಜಿನ ಬಾಗಿಲು, ಎಲ್‌ಇಡಿ ಬೋರ್ಡು ಹಾಕಿಸಲು ಸಾಲ ತೆಗೆದವರು ಇದನ್ನು ಓದಿಕೊಳ್ಳಲಿ. ನಾನೂ ಆ ಪೈಕಿ ಒಬ್ಬ.

ಒಂದೊಂದೇ ಹಾಳೆ

ದುಡುಕಿ ಗಳಿಸಿದ್ದು ಕರಗುತ್ತದೆ, ಕೈಯಿಂದ ಸ್ವಲ್ಪಸ್ವಲ್ಪ ಕೂಡಿಸಿದ್ದು ಬೆಳೆಯುತ್ತದೆ ಅನ್ನುವುದು 13:11ರ ಹುರುಳು. ಹಣಕ್ಕೆ ಹೇಳಿದ ಮಾತು, ಕೆಲಸಕ್ಕೂ ಸಲ್ಲುತ್ತದೆ.

ಇದಕ್ಕೆ ನಮ್ಮ ಊರುಗಳಲ್ಲೇ ತಿರುಗಾಡಿದ ಒಬ್ಬರ ಉದಾಹರಣೆ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಆ ಮಿಶನ್ನಿಗೆ ಸೇರಿದ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು, ಶುರುವಿನ ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಕನ್ನಡ ಕಿವಿಗೆ ಹಾಕಿಕೊಂಡರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಶಬ್ದ, 1700ಕ್ಕೂ ಹೆಚ್ಚು ಪುಟ. ಧಾರವಾಡದ ಕಿಟೆಲ್ ಕಾಲೇಜಿನ ಮುಂದೆ ಹಾದುಹೋಗುವಾಗ ಜನ ಹೆಸರು ಓದುತ್ತಾರೆ. ಪ್ರೆಸ್ಸಿನವನಾದ ನನಗೆ ಬೇರೆಯೇ ಹೊಟ್ಟೆಯುರಿ: ಒಂದೊಂದೇ ಮೊಳೆ ಜೋಡಿಸುವ ಆ ಕಾಲದಲ್ಲಿ, ಒಂದೇ ಸಾಲಿನಲ್ಲಿ ಎರಡು ಲಿಪಿ ಇರುವ ಅಷ್ಟು ಪುಟಗಳ ಪ್ರೂಫ್ ತಿದ್ದಿದ್ದಾರಲ್ಲ! ನನಗೆ ಒಂದು ಲಗ್ನಪತ್ರಿಕೆಯ ಹತ್ತು ಸಾಲು ನಾಲ್ಕು ದಿನ ಮುಟ್ಟಲಾಗಲಿಲ್ಲ.

ನೀವು ಮಾಡುವುದು: ದೊಡ್ಡ ಕೆಲಸವನ್ನು ಒಂದು ದಿನದಲ್ಲಿ ಕೈಗೆ ಹಿಡಿಸುವ ತುಂಡು ಮಾಡಿ, ಆ ತುಂಡಿಗೆ ಸಂಖ್ಯೆ ಕೊಡಿ. ‘ಓದಬೇಕು’ ಅನ್ನಬೇಡಿ, ‘ಇವತ್ತು 8 ಪುಟ’ ಅನ್ನಿ. ಜ್ಞಾನೋಕ್ತಿಗಳಿಗೂ 31 ಅಧ್ಯಾಯ ಇವೆ, ತಿಂಗಳಿಗೆ ಸರಿಹೋಗುತ್ತದೆ. ತಾರೀಖು ಎಷ್ಟೋ ಆ ಅಧ್ಯಾಯ ಓದಿದರಾಯಿತು. ತಪ್ಪಿದ ದಿನದ್ದು ಹಿಂದಕ್ಕೆ ಹೋಗಿ ಓದಬೇಡಿ, ಮುಂದಿನ ತಿಂಗಳು ಅದೇ ತಾರೀಖು ಮತ್ತೆ ಬರುತ್ತದೆ.

ಮತ್ತೆ ಒಂದು ಮಾತು, ಗೋಷ್ಠಿಪ್ರಿಯರಿಗೆ. ಎಲ್ಲ ದುಡಿಮೆಯಲ್ಲೂ ಏನೋ ಒಂದು ಲಾಭವಿದೆ, ಬರೀ ಬಾಯಿಮಾತಿನಿಂದ ಬಡತನವೇ ಅಂತ 14:23ರಲ್ಲಿದೆ. ನಮ್ಮಲ್ಲಿ ಪ್ಲ್ಯಾನ್ ಹೇಳುತ್ತಲೇ ನಾಲ್ಕು ಪ್ಲೇಟ್ ಮಿರ್ಚಿ-ಗಿರ್ಮಿಟ್ ಖಾಲಿಯಾಗುತ್ತವೆ. ಗಿರ್ಮಿಟ್ ತಿನ್ನಿ, ತಪ್ಪಿಲ್ಲ. ಪ್ಲ್ಯಾನನ್ನು ಮಾತ್ರ ಮಾಡಿ ಮುಗಿಸಿದ ಮೇಲೆ ಹೇಳಿ.

ಮಾಲಕರಿಗೆ: ಬಟವಾಡೆ ತಡ ಮಾಡಬೇಡಿ

ಈ ಭಾಗ ಬರೆಯದೇ ಬಿಟ್ಟರೆ ಉಳಿದದ್ದೆಲ್ಲ ಬಡವರಿಗೆ ಮಾಡಿದ ಉಪದೇಶವಾಗುತ್ತದೆ. ‘ಕೆಲಸ ಮಾಡದವನು ಊಟವನ್ನೂ ಮಾಡಬಾರದು’ ಅನ್ನುವ, ಮೊದಲ ಕಾಲದ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ ಪೌಲನ ಮಾತನ್ನು ಕೆಲವರು ಹಸಿದವರ ಮುಖಕ್ಕೆ ಎಸೆಯುತ್ತಾರೆ. ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರ 3:10 ತೆಗೆದು ನೋಡಿ. ಅಲ್ಲಿರುವುದು ಕೆಲಸ ಮಾಡಲು ‘ಮನಸ್ಸಿಲ್ಲದವನು’. ಕೆಲಸ ಸಿಗದವನಲ್ಲ, ಕೈಲಾಗದವನಲ್ಲ. ಹೇಳಿದ ಪೌಲನೂ ಸುಮ್ನೆ ಕೂತವನಲ್ಲ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಡೇರೆ ಹೊಲಿಯುವ ಕಸುಬು ಮಾಡಿ ಉಂಡವನು.

ಬಡತನವೆಲ್ಲ ಸೋಮಾರಿತನದಿಂದ ಅಂತ ಜ್ಞಾನೋಕ್ತಿಗಳು ಎಲ್ಲೂ ಹೇಳುವುದಿಲ್ಲ. ಬಡವನ ಹೊಲ ಬೇಕಾದಷ್ಟು ಬೆಳೆಯಬಲ್ಲದು, ಅನ್ಯಾಯ ಅದನ್ನು ಕೊಚ್ಚಿಕೊಂಡು ಹೋಗುತ್ತದೆ ಅಂತ 13:23 ನೇರವಾಗಿ ಹೇಳುತ್ತದೆ. ಉಳ್ಳಾಗಡ್ಡಿ ಬೆಳೆದು, ಕೊನೆಗೆ ಲಾರಿ ಬಾಡಿಗೆಯೂ ಹುಟ್ಟದೆ ಹೊಲದಲ್ಲೇ ಬಿಟ್ಟವರನ್ನು ನೋಡಿದ ನಮಗೆ ಇದಕ್ಕೆ ಟಿಪ್ಪಣಿ ಬೇಡ.

ಕೂಲಿಯ ವಿಷಯಕ್ಕೆ ಬಂದರೆ ಧರ್ಮೋಪದೇಶಕಾಂಡ 24ರಲ್ಲಿ ಲೆಕ್ಕ ಸ್ಪಷ್ಟ: ಬಡ ಕೂಲಿಯವನ ಹಣ ಅದೇ ದಿನ, ಹೊತ್ತು ಮುಳುಗುವುದರೊಳಗೆ. ನನ್ನ ಹತ್ತಿರ ಇಬ್ಬರು ಕೆಲಸಕ್ಕಿದ್ದಾರೆ. ಮೊದಲು ಶನಿವಾರದ ಬಟವಾಡೆಯನ್ನು ಸೋಮವಾರಕ್ಕೆ, ಮಂಗಳವಾರಕ್ಕೆ ಎಳೆಯುತ್ತಿದ್ದೆ. ನನಗೂ ಕಾರಣವಿತ್ತು. ಒಬ್ಬ ದೊಡ್ಡ ಗಿರಾಕಿ ಏಳು ತಿಂಗಳು ನನ್ನ ಬಿಲ್ ಕೊಡದೆ ತಿರುಗಾಡಿಸಿದ್ದ. ಆದರೆ ನನ್ನ ಬೈಂಡಿಂಗಿನ ಹುಡುಗನಿಗೂ ಆ ಗಿರಾಕಿಗೂ ಏನು ಸಂಬಂಧ? ಈಗ ಶನಿವಾರ ಮಧ್ಯಾಹ್ನ ಮೂರಕ್ಕೆ ಬೇರೆ ಕೆಲಸ ನಿಲ್ಲಿಸಿ ಮೊದಲು ಬಟವಾಡೆ. ಕೈಯಲ್ಲಿ ಇರದಿದ್ದರೆ ಶುಕ್ರವಾರವೇ ಹೊಂದಿಸುತ್ತೇನೆ. ಸೋಮವಾರ ಬೆಳಿಗ್ಗೆ ಅವರು ಬರುವ ಹೊತ್ತು ತಾನಾಗಿ ಸರಿಹೋಯಿತು, ನಾನು ಒಂದು ಮಾತೂ ಆಡಬೇಕಾಗಲಿಲ್ಲ.

‘ಏನು ಮಾಡಿದರೂ ಮನಃಪೂರ್ವಕವಾಗಿ, ದೇವರಿಗೆ ಮಾಡಿದ ಹಾಗೆ ಮಾಡಿ’ ಅನ್ನುವ ಕೊಲೊಸ್ಸೆಯವರಿಗೆ ಬರೆದ ಮಾತನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವ ಮಾಲಕರಿದ್ದಾರೆ. ನಾನೇ ಎಷ್ಟೋ ಅಚ್ಚು ಹಾಕಿಕೊಟ್ಟಿದ್ದೇನೆ. ಮೂರು ವಚನ ಮುಂದೆ ಹೋದರೆ ಒಡೆಯರಿಗೂ ಒಂದು ಸಾಲಿದೆ: ಆಳುಗಳಿಗೆ ನ್ಯಾಯವಾದದ್ದನ್ನು, ಸರಿಸಮವಾದದ್ದನ್ನು ಕೊಡಿರಿ, ನಿಮಗೂ ಮೇಲೊಬ್ಬ ಒಡೆಯನಿದ್ದಾನೆ. ಆ ಸಾಲಿಗೆ ಫ್ರೇಮ್ ಕೇಳಿದವರು ಇನ್ನೂ ಬಂದಿಲ್ಲ.

ಸೋಮವಾರದ ಎತ್ತು

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ. ಎಂಥ ಹದವಿದ್ದರೂ ಹೂಡದ ಮನೆಗಳು ಈಗಲೂ ಇವೆ. ಸಂಡೇ ಸ್ಕೂಲಿನಲ್ಲಿ ಸಬ್ಬತ್ (ವಾರದ ವಿಶ್ರಾಂತಿ) ದಿನದ ಪಾಠ ಹೇಳುವಾಗ ನನಗೆ ನೆನಪಾಗುತ್ತಿದ್ದದ್ದು ಕಾಕಾನ ಮನೆಯ ಆ ಎರಡು ಎತ್ತು, ಸೋಮವಾರ ಮೈತೊಳೆಸಿಕೊಂಡು ನೆರಳಲ್ಲಿ ಮೆಲುಕು ಹಾಕುತ್ತಾ ಮಲಗಿದ್ದವು. ವಿಮೋಚನಕಾಂಡ 23:12 ಓದಿ. ಏಳನೇ ದಿನ ನಿಲ್ಲಿಸಬೇಕಾದದ್ದು ಯಾಕೆ? ನಿನ್ನ ಎತ್ತು, ಕತ್ತೆ ವಿಶ್ರಮಿಸಲಿ, ಮನೆಯ ಆಳಿನ ಮಗ, ಪರದೇಶಿ ಉಸಿರಾಡಲಿ ಅಂತ. ಆರು ದಿನ ದುಡಿ ಅನ್ನುವುದೂ ಅಪ್ಪಣೆ, ಏಳನೆಯದು ನಿಲ್ಲಿಸು ಅನ್ನುವುದೂ ಅಪ್ಪಣೆ. ಅರ್ಧ ಪಾಲಿಸಿ ಅರ್ಧ ಬಿಡುವ ಹಾಗಿಲ್ಲ.

ಮನ್ನದ ಕಥೆ ಗೊತ್ತಿರಬಹುದು. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಮೇಲಿಂದ ಸುರಿಸಿದ ಆಹಾರ ಅದು, ಆಯಾ ದಿನಕ್ಕೆ ಬೇಕಾದಷ್ಟೇ ಆಯ್ದುಕೊಳ್ಳಬೇಕು. ನಾಳೆಗೆ ಇರಲಿ ಅಂತ ಉಳಿಸಿದವರ ಮಡಕೆಯಲ್ಲಿ ಹುಳ ಬಿತ್ತು. ನಮ್ಮ ಶರಣರ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಕಥೆಯೂ ಇದರ ಹತ್ತಿರದ್ದೇ ಅಲ್ವಾ? ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ ಗಂಡನನ್ನು ಲಕ್ಕಮ್ಮ ತಿರುಗಿ ಕಳಿಸಿದಳು, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ. ಕಾಯಕವನ್ನು ಅಷ್ಟು ಎತ್ತರಕ್ಕೆ ಏರಿಸಿದವರೇ ಅದಕ್ಕೊಂದು ಅಳತೆಯನ್ನೂ ಇಟ್ಟಿದ್ದರು.

ಪ್ರಸಂಗಿ ಇದನ್ನು ಎರಡೇ ವಚನಗಳಲ್ಲಿ ಮುಗಿಸುತ್ತಾನೆ. 4ನೇ ಅಧ್ಯಾಯದಲ್ಲಿ ಮೊದಲು ಕೈಕಟ್ಟಿ ಕೂತ ಮೂಢನಿಗೆ ಬೈಯುತ್ತಾನೆ. ಮರು ವಚನದಲ್ಲೇ, ಎರಡು ಬೊಗಸೆ ಕಷ್ಟಕ್ಕಿಂತ ಒಂದು ಹಿಡಿ ನೆಮ್ಮದಿ ಲೇಸು ಅನ್ನುತ್ತಾನೆ.

ನನ್ನ ರೂಢಿ ಹೀಗೆ. ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಪ್ರೆಸ್ಸಿನ ಕೀಲಿಕೈ ನನ್ನ ಹೆಂಡತಿಯ ಹತ್ತಿರ. ಕೇಳಿದರೂ ಕೊಡುವುದಿಲ್ಲ. ಲಗ್ನದ ಹಂಗಾಮಿನಲ್ಲಿ ಎರಡು ಸಲ ಜಗಳವೂ ಆಗಿದೆ. ನೀವು ಯಾವ ವಾರ ಬೇಕಾದರೂ ಇಟ್ಟುಕೊಳ್ಳಿ, ಆದರೆ ಕೀಲಿಕೈ ಇನ್ನೊಬ್ಬರ ಹತ್ತಿರ ಇರಲಿ. ರಾತ್ರಿಯೂ ಅಷ್ಟೇ. ನಸುಕಿನಲ್ಲಿ ಎದ್ದು, ತಡವಾಗಿ ಮಲಗಿ, ಚಿಂತೆಯ ಅನ್ನ ಉಣ್ಣುವುದು ವ್ಯರ್ಥ ಅಂತ 127ನೇ ಕೀರ್ತನೆ ಹೇಳುತ್ತದೆ. ನನ್ನ ಆ 600 ಪತ್ರಿಕೆ ಹಾಳಾದದ್ದು ಹಗಲಲ್ಲಲ್ಲ, ರಾತ್ರಿ ಹನ್ನೆರಡೂವರೆಗೆ.

ಕೊನೆಗೆ, ಬ್ಲೇಡಿಗೆ ಸಾಣೆ

ಮೊಂಡು ಬ್ಲೇಡಿನಿಂದ ಕಾಗದ ಕೊಯ್ದವರಿಗೆ ಮಾತ್ರ ಈ ಕಿರಿಕಿರಿ ಗೊತ್ತು. ಕಟ್ಟನ್ನು ಕೆಳಗಿಟ್ಟು ಅದುಮಿ ಹಿಡಿದು ಬ್ಲೇಡು ಇಳಿಸಿದರೆ ಅದು ಕೊಯ್ಯುವುದಿಲ್ಲ, ಎಳೆಯುತ್ತದೆ. ಮೇಲಿನ ಹಾಳೆ ಒಂದು ಅಳತೆ, ಕೆಳಗಿನ ಹಾಳೆ ಇನ್ನೊಂದು ಅಳತೆ. ಅಂಚು ಮುಟ್ಟಿದರೆ ನುಣುಪಿಲ್ಲ, ಹಲ್ಲುಹಲ್ಲು. ಅದನ್ನು ಸರಿಮಾಡಲು ಮತ್ತೆ ಒಂದು ಸೂತು ಕೊಯ್ಯಬೇಕು, ಆಗ ಅಂಚಿನ ಗೆರೆಯೇ ಹೋಗಿಬಿಡುತ್ತದೆ. ಒಂದು ವರ್ಷ ಹೀಗೇ ಮಾಡಿದೆ. ಬ್ಲೇಡು ಬಿಚ್ಚಿ ಹುಬ್ಬಳ್ಳಿಗೆ ಸಾಣೆಗೆ ಕಳಿಸಿದರೆ ಎರಡು ದಿನ ಮಷೀನ್ ನಿಲ್ಲುತ್ತದಲ್ಲ ಅಂತ.

ಪ್ರಸಂಗಿ 10:10 ಓದಿದಾಗ ನಗು ಬಂತು. ಕಬ್ಬಿಣ ಮೊಂಡಾಗಿ ಅದರ ಅಲಗನ್ನು ಮಸೆಯದಿದ್ದರೆ ಬಲ ಜಾಸ್ತಿ ಹಾಕಬೇಕಾಗುತ್ತದೆ. ನಾನು ಅಲ್ಲಿವರೆಗೆ ‘ಕಷ್ಟ’ ಅಂದುಕೊಂಡಿದ್ದರಲ್ಲಿ ಎಷ್ಟೋ ಪಾಲು ಈ ಜಾಸ್ತಿ ಹಾಕಿದ ಬಲವೇ ಆಗಿತ್ತು. ‘ಹಾರೂಟ್ಸ್’, ಚೂಪಾದವನು, ಅಂದದ್ದು ಇದಕ್ಕೇ ಇರಬೇಕು.

ಹಾಗಾಗಿ ತಿಂಗಳಿಗೊಮ್ಮೆ ಒಂದು ಅರ್ಧ ದಿನ ಸಾಣೆಗೆ ಅಂತ ತೆಗೆದಿಡಿ. ರೈತರಾದರೆ ಕುಂಟೆಯ ಕುಡ, ಕುಡುಗೋಲು. ಟೇಲರ್ ಆದರೆ ಕತ್ತರಿ. ಓದುವವರಾದರೆ ಕಳೆದ ತಿಂಗಳು ಪರೀಕ್ಷೆಯಲ್ಲಿ ತಪ್ಪಿದ ಪ್ರಶ್ನೆಗಳ ಪಟ್ಟಿ. ಮನೆ ನಡೆಸುವವರಿಗೆ ಈಳಿಗೆ, ಮಿಕ್ಸರಿನ ಬ್ಲೇಡು, ಒಮ್ಮೆ ತಮ್ಮದೇ ಬೆನ್ನುನೋವು ತೋರಿಸಿಕೊಂಡು ಬರುವುದೂ ಸಾಣೆಯೇ. ಅವತ್ತು ‘ಏನೂ ಕೆಲಸ ಆಗಲಿಲ್ಲ’ ಅನಿಸುತ್ತದೆ. ಅನಿಸಲಿ ಬಿಡಿ.

ಡ್ರಾಯರಿನ 11 ಬಿಲ್ಲುಗಳಲ್ಲಿ 9 ವಸೂಲಾದವು. ಒಂದನ್ನು ಬಿಟ್ಟುಬಿಟ್ಟೆ. ಇನ್ನೊಂದು ಆ ಏಳು ತಿಂಗಳ ಗಿರಾಕಿಯದು, ಅರ್ಧ ಬಂದಿದೆ. ಪ್ರೂಫ್ ಬಂದ ದಿನವೇ ನೋಡುತ್ತೇನೆ, ತಾರೀಖಿನ ಪಕ್ಕದ ವಾರವನ್ನು ಗೋಡೆಯ ಕ್ಯಾಲೆಂಡರಿಗೆ ಬೆರಳಿಟ್ಟು ತಾಳೆ ಹಾಕುತ್ತೇನೆ. ಚಹಾದ ಕಪ್ ಈಗ ಕಿಟಕಿಯ ಮೇಲೆ. ಬ್ಲೇಡು ಇವತ್ತು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿದೆ, ಗುರುವಾರ ಬರುತ್ತದೆ. ಅಲ್ಲಿವರೆಗೆ ಕಟಿಂಗ್ ಕೆಲಸ ತರಬೇಡಿರಿ.